ಅಜ್ಜ ಬರ್ಮಾದಿಂದ ತಂದ ಜಪಾನಿ ಕತ್ತಿ: ಹಳೆಯ ಅಲಗೋ, ಯುದ್ಧಕಾಲದ ಅಲಗೋ?

ಕೌಲ್‌ಬಜಾರ್ ಹೊಲಿಗೆ (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಹವಾಲ್ದಾರರಾಗಿದ್ದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬರ್ಮಾದ ಯುದ್ಧ ಮುಗಿದು 1946ರಲ್ಲಿ ಊರಿಗೆ ಬಂದಾಗ ಹಾಸಿಗೆ ಸುರುಳಿಯೊಳಗೆ ಒಂದು ಜಪಾನಿ ಕತ್ತಿ ಇತ್ತು. ಶರಣಾದ ಅಧಿಕಾರಿಯೊಬ್ಬನದು, ಮೇಜರ್ ಸಾಹೇಬರು ತಮಗೆ ಕೊಟ್ಟರು ಎಂದು ಅಜ್ಜ ಹೇಳುತ್ತಿದ್ದರಂತೆ. ಅದಕ್ಕಿಂತ ಹೆಚ್ಚು ಅವರು ಯಾರಿಗೂ ಹೇಳಲಿಲ್ಲ.

ಪ್ರತಿ ವರ್ಷ ಆಯುಧಪೂಜೆಗೆ ಅದನ್ನು ಇಳಿಸುತ್ತೇವೆ. ಅಲಗಿಗೆ ನೀರಿನಲ್ಲಿ ಕಲಸಿದ ವಿಭೂತಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು, ಮರುದಿನ ಒರೆಸಿ ಕುಸುಬೆ ಎಣ್ಣೆ ಸವರಿ ಮೇಲಿಡುತ್ತೇವೆ. ಈಗ ಅಲಗಿನ ಮೇಲೆ ಕಂದು ಕಲೆಗಳೂ ಅಂಟಂಟಾದ ಪದರವೂ ಕಾಣುತ್ತಿವೆ.

ಕಳೆದ ತಿಂಗಳು ಬೆಂಗಳೂರಿನಿಂದ ಬಂದ ಪರಿಚಯದವರೊಬ್ಬರು ನೋಡಿ, ಇದು ಕಾರ್ಖಾನೆಯ ಮಾಲು, ಬೆಲೆಯಿಲ್ಲ, ಬೇಕಾದರೆ ಎಂಟು ಸಾವಿರ ಕೊಟ್ಟು ಒಯ್ಯುತ್ತೇನೆ ಎಂದರು. ಮನಸ್ಸು ಒಪ್ಪಲಿಲ್ಲ. ಮಾರುವ ಇಚ್ಛೆ ನಮಗಿಲ್ಲ. ಆದರೆ ಮನೆಯಲ್ಲಿರುವುದು ಏನು ಎಂದು ನಮಗೆ ಗೊತ್ತಿರಬೇಕಲ್ಲವೇ?

ನನಗೆ ಕಂಡದ್ದನ್ನು ಬರೆಯುತ್ತೇನೆ. ಅಲಗಿನ ಉದ್ದ 65 ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಒರೆ ಮರದ್ದು, ಮೇಲೆ ಚರ್ಮ ಹೊದಿಸಿದೆ. ನಮ್ಮ ಊರಿನ ಬಿಸಿಲಿಗೆ ಚರ್ಮ ಬಿರುಕು ಬಿಟ್ಟಿದೆ. ಹಿಡಿಯ ಲೋಹದ ತುಣುಕುಗಳಲ್ಲಿ ಐದೆಸಳಿನ ಹೂವುಗಳಿವೆ. ನಾನು ಜೀನ್ಸ್ ಹೊಲಿಗೆ ಘಟಕ ನಡೆಸುವವಳು, ಹಾಗಾಗಿ ಹಿಡಿಗೆ ಸುತ್ತಿದ ಪಟ್ಟಿಯ ಮೇಲೆ ಕಣ್ಣು ನಿಂತಿತು. ಒಂದು ಹೆಣಿಗೆಯಲ್ಲಿ ಎಡದ ಎಳೆ ಮೇಲೆ ಬಂದರೆ ಮುಂದಿನದರಲ್ಲಿ ಬಲದ್ದು ಮೇಲೆ. ಕೊನೆಯವರೆಗೂ ಎಲ್ಲಿಯೂ ತಪ್ಪಿಲ್ಲ. ಸವೆದ ಒಂದು ಕಡೆ ಇಣುಕಿದರೆ ಪಟ್ಟಿಯ ಕೆಳಗೆ ಕಾಗದದ ಸಣ್ಣ ತ್ರಿಕೋನಗಳು ಕಾಣುತ್ತವೆ. ಅವಸರದ ಕೆಲಸಗಾರ ಹೀಗೆ ಮಾಡುವುದಿಲ್ಲ.

ಇನ್ನೊಂದು ಮಾತು, ಹೇಳಲು ಸಂಕಟವಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಹಿಡಿ ಸಡಿಲವಾಯಿತೆಂದು ಚಿಕ್ಕಪ್ಪ ಬಿದಿರಿನ ಮೊಳೆ ತೆಗೆದು ಬಿಚ್ಚಿದ್ದರು. ಒಳಗಿನ ಕಬ್ಬಿಣ ಕಪ್ಪಾಗಿದೆಯೆಂದು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಒಂದು ಮಗ್ಗುಲನ್ನು ಉಜ್ಜಿದರು. ಅಷ್ಟರಲ್ಲಿ ಅಜ್ಜಿ ಬೈದು ನಿಲ್ಲಿಸಿದರಂತೆ. ತೊಂದರೆಯಾಗಿದೆಯೇ?

ರಾಯಚೂರು ಮೇಷ್ಟ್ರು:

ತಂಗಿ, ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಇನ್ನೊಂದು ಮಗ್ಗುಲು ಉಳಿದದ್ದು ಅವರಿಂದ.

ಹಿಡಿಯೊಳಗೆ ಅಡಗಿರುವ ಆ ಭಾಗಕ್ಕೆ ಜಪಾನಿನವರು ನಕಾಗೋ ಎನ್ನುತ್ತಾರೆ. ಅಲಗನ್ನು ತಲೆಮಾರಿಗೊಮ್ಮೆ ಸಾಣೆ ಹಿಡಿಯುತ್ತಾರೆ, ನಕಾಗೋವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅಲ್ಲಿನ ತುಕ್ಕೇ ಕತ್ತಿಯ ವಯಸ್ಸು. ಕೆಲವು ನೂರು ವರ್ಷಗಳ ತುಕ್ಕು ಗಟ್ಟಿಯಾಗಿ, ನುಣುಪಾಗಿ, ಕಪ್ಪಿಗೆ ಹತ್ತಿರದ ಕಂದಾಗಿರುತ್ತದೆ. ಬೆರಳಾಡಿಸಿದರೆ ಪುಡಿ ಹತ್ತುವುದಿಲ್ಲ. ಎಂಬತ್ತು ವರ್ಷದ್ದು ತಿಳಿಯಾಗಿರುತ್ತದೆ, ಅರದ ಗೀರುಗಳು ಇನ್ನೂ ಚೂಪಾಗಿ ಕಾಣುತ್ತವೆ. ನಕಲಿ ಮಾಡುವವರು ಆಮ್ಲ ಬಳಿದು ಬರಿಸಿದ್ದು ಕಿತ್ತಳೆ ಬಣ್ಣಕ್ಕಿದ್ದು ಕೈಗೆ ಹತ್ತುತ್ತದೆ. ಒರೆಸಿ ಹೋದದ್ದನ್ನು ಯಾವ ಪಂಡಿತನೂ ಮರಳಿ ತರಲಾರ. ಆದ್ದರಿಂದ ಉಜ್ಜಿದ ಮಗ್ಗುಲನ್ನು ಸರಿಮಾಡಲು ಹೋಗಬೇಡಿ. ಎಣ್ಣೆಯನ್ನೂ ಹಚ್ಚಬೇಡಿ. ಹಾಗೆಯೇ ಬಿಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಿಡಿ ಮತ್ತು ಒರೆಯ ವಯಸ್ಸು ಬೇರೆ, ಅಲಗಿನ ವಯಸ್ಸು ಬೇರೆ. ನೀವು ವರ್ಣಿಸಿದ ಚೆರಿ ಹೂವಿನ ತೊಡಿಗೆ, ಅಂದರೆ ಅಲಗಿಗೆ ತೊಡಿಸುವ ಹಿಡಿ ಮತ್ತು ಒರೆ, ಜಪಾನಿ ಸೈನ್ಯದ ಅಧಿಕಾರಿಗಳದು. 1934 ಮತ್ತು 1938ರಲ್ಲಿ ಆ ಮಾದರಿಗಳು ಬಂದವು. 1876ರಲ್ಲಿ ಜಪಾನ್ ಸರ್ಕಾರ ಸಮುರಾಯಿಗಳು ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಮುಂದೆ ಸೈನ್ಯ ಸೇರಿದ ಅನೇಕರು ಮನೆಯಲ್ಲಿದ್ದ ಅಜ್ಜ, ಮುತ್ತಜ್ಜಂದಿರ ಅಲಗಿಗೆ ಸೈನ್ಯದ ತೊಡಿಗೆ ಹಾಕಿಸಿಕೊಂಡು ಯುದ್ಧಕ್ಕೆ ಹೊರಟರು. ಅಂಥ ಕುಟುಂಬವಿಲ್ಲದವರು ಯುದ್ಧಕಾಲದಲ್ಲಿ ಕಾರ್ಖಾನೆಯ ಉಕ್ಕಿನಿಂದ ಮಾಡಿದ ಅಲಗನ್ನು ಕೊಂಡರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹಾಗಾಗಿ ಒರೆಯಿಂದ ಹೊರತೆಗೆಯುವ ಮೊದಲೇ ಕಾರ್ಖಾನೆಯ ಮಾಲು ಎನ್ನುವವನ ಮಾತನ್ನು ನಂಬಬೇಡಿ, ನಾನೂರು ವರ್ಷ ಹಳೆಯದು ಎನ್ನುವವನ ಮಾತನ್ನೂ ನಂಬಬೇಡಿ. ಎರಡನೆಯವನಿಗೆ ನಾನೇ ಸೋತಿದ್ದೇನೆ. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಕತ್ತಿ ಕೊಂಡೆ, ನಕಾಗೋ ಮೇಲೆ ಮಸಾಮುನೆಯ ಹೆಸರಿತ್ತು. ಹದಿನಾಲ್ಕನೆಯ ಶತಮಾನದ ಆ ಮಹಾ ಕಮ್ಮಾರನ ಹೆಸರನ್ನು ಶತಮಾನಗಳಿಂದ ಕಂಡಕಂಡ ಅಲಗುಗಳ ಮೇಲೆ ಕೆತ್ತುತ್ತಾ ಬಂದಿದ್ದಾರೆ ಎಂಬುದು ಆಮೇಲೆ ತಿಳಿಯಿತು. ಸುಳ್ಳು ಸಹಿಗೆ ಅವರ ಭಾಷೆಯಲ್ಲಿ ಗಿಮೇ ಎಂಬ ಪದವೇ ಇದೆ. ಅಂದಿನಿಂದ ನಾನು ಮೊದಲು ಉಕ್ಕನ್ನು ನೋಡುತ್ತೇನೆ, ಅಕ್ಷರವನ್ನು ಕೊನೆಗೆ ಓದುತ್ತೇನೆ.

ನಿಮ್ಮ ಹಿಡಿ ನಿಜವಾಗಿ ಕೈಯಿಂದ ಸುತ್ತಿದ್ದು. ಎಳೆಗಳು ಅದಲುಬದಲಾಗಿ ಮೇಲೆ ಬರುವುದು, ಕೆಳಗೆ ಕಾಗದದ ತ್ರಿಕೋನ ಇರುವುದು ಸರಿಯಾದ ಪದ್ಧತಿ. ಇದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದ್ದೀರಿ. ಮೂವತ್ತು ವರ್ಷ ಓದಿದ ನನಗೂ ಮೊದಲ ನೋಟದಲ್ಲಿ ಅದು ಕಾಣುತ್ತಿರಲಿಲ್ಲ. ಕಿರಿಯ ಶ್ರೇಣಿಯವರಿಗೆ ಸರ್ಕಾರವೇ ಕೊಟ್ಟ 1935ರ ಮಾದರಿಯಲ್ಲಾದರೆ ಹಿಡಿಯೇ ಅಚ್ಚು ಹಾಕಿದ ಲೋಹದ್ದು, ಸುತ್ತಿದ ಪಟ್ಟಿಯಂತೆ ಬಣ್ಣ ಬಳಿದಿರುತ್ತಾರೆ, ಅಲಗಿನ ಮೇಲೆ ಕ್ರಮಸಂಖ್ಯೆ ಹೊಡೆದಿರುತ್ತದೆ. ನಿಮ್ಮದು ಅದಲ್ಲ.

ಭಾನುವಾರ ಬಿಡುವು ಮಾಡಿಕೊಂಡು ಮೊಳೆ ತೆಗೆದು ನೋಡಿ. ಕೈಗೆ ಹತ್ತಿಯ ಬಟ್ಟೆ ಇರಲಿ, ಬೆವರಿನ ಉಪ್ಪು ಉಕ್ಕಿಗೆ ವಿಷ. ಒರೆಯಿಂದ ಎಳೆಯುವಾಗ ಅಲಗಿನ ಬಾಯಿ, ಅಂದರೆ ಹರಿತವಾದ ಅಂಚು, ಮೇಲಕ್ಕಿರಲಿ. ನಕಾಗೋದಲ್ಲಿ ಎಷ್ಟು ತೂತುಗಳಿವೆ, ಅವು ಯಂತ್ರದಿಂದ ಕೊರೆದಷ್ಟು ದುಂಡಗಿವೆಯೋ ಕೈಯಿಂದ ಮಾಡಿದಂತೆ ಅಂಕುಡೊಂಕಾಗಿವೆಯೋ, ಸಹಿ ಇದೆಯೋ, ಸಹಿಯ ಬಳಿ ಸಣ್ಣ ಮುದ್ರೆ ಒತ್ತಿದೆಯೋ ಬರೆಯಿರಿ. ಜಪಾನಿನಲ್ಲಿ ಕತ್ತಿ ತಯಾರಿಕೆಗೆ ಹೆಸರಾದ ಸೇಕಿ ಪಟ್ಟಣದ ಮುದ್ರೆಯೋ, ಹೂವಿನೊಳಗೆ ಶೋವಾ (ಅಂದಿನ ಚಕ್ರವರ್ತಿಯ ಆಳ್ವಿಕೆಯ ಹೆಸರು) ಎಂಬ ಅಕ್ಷರಗಳೋ ಇದ್ದರೆ ಯುದ್ಧಕಾಲದ್ದೆಂದು ಅಲ್ಲಿಗೆ ತೀರ್ಮಾನ. ನಕ್ಷತ್ರದ ಮುದ್ರೆ ಇದ್ದರೆ ಸೈನ್ಯ ನೇಮಿಸಿದ ಕಮ್ಮಾರ ಸಾಂಪ್ರದಾಯಿಕವಾಗಿ ಬಡಿದದ್ದು. ಕಾಲ ಅದೇ ಆದರೂ ಬಹಳ ಗೌರವದ ಅಲಗು.

ಮತ್ತೆ, ಒರೆಗೋ ಹಿಡಿಗೋ ಕಟ್ಟಿದ ಮರದ ಅಥವಾ ಬಟ್ಟೆಯ ಚೀಟಿ ಏನಾದರೂ ಇತ್ತೇ? ಅಜ್ಜಿಯನ್ನು ಕೇಳಿ.

ತೋರಣಗಲ್ಲು ಕುಲುಮೆ:

ಮೇಷ್ಟ್ರು ಹೇಳಿದ್ದಕ್ಕೆ ಉಕ್ಕಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಉಕ್ಕಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ.

ಸಾಂಪ್ರದಾಯಿಕ ಅಲಗಿನ ಉಕ್ಕು ತಮಾಹಗನೆ. ಕಬ್ಬಿಣದ ಅಂಶವಿರುವ ಮರಳನ್ನು ಇದ್ದಿಲಿನೊಂದಿಗೆ ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು, ಮೂರು ರಾತ್ರಿ ಉರಿಸಿ ತೆಗೆಯುತ್ತಾರೆ. ಶಿಮಾನೆ ಪ್ರಾಂತ್ಯದಲ್ಲಿ 1977ರಲ್ಲಿ ಮತ್ತೆ ಹೊತ್ತಿಸಿದ ಕುಲುಮೆ ಇಂದಿಗೂ ಚಳಿಗಾಲದಲ್ಲಿ ಉರಿಯುತ್ತದೆ. ಹಾಗೆ ಬಂದ ಉಕ್ಕನ್ನು ಕಾಯಿಸಿ, ಬಡಿದು, ಮಡಿಸಿ, ಮತ್ತೆ ಬಡಿಯುತ್ತಾರೆ. ನಮ್ಮ ಸೀಮೆಯ ಹಳೆಯ ಉಕ್ಕಿನ ದಾರಿ ಬೇರೆ, ಅದನ್ನು ಮುಚ್ಚಿದ ಮೂಸೆಯಲ್ಲಿ ಕರಗಿಸುತ್ತಿದ್ದರು. ಸಂಡೂರಿನ ಅದಿರಿನ ಮಧ್ಯೆ ಬೆಳೆದವನಿಗೆ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ದೊಡ್ಡ ಸಂತೋಷ.

ಕೊನೆಯ ಹದ ಹಾಕುವಾಗ ಅಲಗಿಗೆ ಮಣ್ಣು ಬಳಿಯುತ್ತಾರೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕೆಂಪಗೆ ಕಾದದ್ದನ್ನು ನೀರಿಗೆ ಅದ್ದಿದಾಗ ಬಾಯಿ ಥಟ್ಟನೆ ತಣಿದು ಗಡುಸಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಗಡುಸಾದ ಭಾಗ ಹಿಗ್ಗುವುದರಿಂದ ಅಲಗು ಬೆನ್ನಿನ ಕಡೆಗೆ ಇನ್ನಷ್ಟು ಬಾಗುತ್ತದೆ. ಎರಡರ ಗಡಿಯಲ್ಲಿ ಕಾಣುವ ಬಿಳಿಚು ಗೆರೆಯೇ ಹಮೋನ್. ಯುದ್ಧಕಾಲದ ಅಲಗುಗಳನ್ನು ಹೆಚ್ಚಾಗಿ ಎಣ್ಣೆಯಲ್ಲಿ ತಣಿಸಿದರು. ಅವುಗಳಲ್ಲೂ ಗೆರೆ ಇರುತ್ತದೆ, ಆದರೆ ಗೆರೆಯೊಳಗೆ ನೋಡಲು ಏನೂ ಇರುವುದಿಲ್ಲ. ನೀರಿನಲ್ಲಿ ತಣಿದದ್ದರಲ್ಲಿ ಗೆರೆಯ ಉದ್ದಕ್ಕೂ ಇಬ್ಬನಿಯಂಥ ಮಬ್ಬು, ಕೆಲವೆಡೆ ಬಿಡಿಬಿಡಿಯಾಗಿ ಮಿನುಗುವ ಕಣಗಳು ಕಾಣುತ್ತವೆ. ಆಮ್ಲದಿಂದ ಬರೆದ ನಕಲಿ ಗೆರೆ ಯಾವ ಕೋನದಲ್ಲಿ ಹಿಡಿದರೂ ಒಂದೇ ಸಮ ಬೆಳ್ಳಗಿರುತ್ತದೆ.

ಅಕ್ಕಾ, ಕೋಣೆ ಕತ್ತಲು ಮಾಡಿ ಒಂದೇ ಬಲ್ಬು ಹಚ್ಚಿ. ಅಲಗಿನ ತುದಿಯನ್ನು ಬೆಳಕಿನ ಕಡೆಗೆ ಚಾಚಿ ನಿಧಾನವಾಗಿ ಓರೆ ಮಾಡುತ್ತಾ ಹೋದರೆ ಬಲ್ಬಿನ ಪ್ರತಿಬಿಂಬದ ಅಂಚಿನಲ್ಲಿ ಗೆರೆ ಎದ್ದು ಬರುತ್ತದೆ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು, ನಿಮಗೆ ಕಂಡ ಪದರ ಅದೇ ಇರಬೇಕು. ಶುದ್ಧ ಸ್ಪಿರಿಟ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಹಿಡಿಯ ಕಡೆಯಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ, ಒತ್ತದೆ ಒರೆಸಿ. ಆಮೇಲೆ ತೆಳುವಾದ ಖನಿಜ ಎಣ್ಣೆ ಸಾಕು, ನಿಮ್ಮ ಹೊಲಿಗೆ ಯಂತ್ರಕ್ಕೆ ಹಾಕುವ ಜಾತಿಯದು. ಕಲೆಗಳನ್ನು ಮರಳು ಕಾಗದದಿಂದಾಗಲಿ ಪಾಲಿಶ್‌ನಿಂದಾಗಲಿ ತೆಗೆಯಬೇಡಿ. ಆ ಕೆಲಸಕ್ಕೆ ಹತ್ತು ವರ್ಷ ಗುರುವಿನ ಬಳಿ ಕಲಿತವರಿದ್ದಾರೆ.

ಕೊಪ್ಪಳ ವಕೀಲೆ:

ಕಾನೂನಿನ ಎರಡು ಮಾತು. 1959ರ ಆಯುಧ ಕಾಯ್ದೆಯಡಿ ಉದ್ದನೆಯ ಅಲಗಿನ ಆಯುಧಗಳಿಗೂ ನಿಯಮಗಳಿವೆ, ಕೆಲವು ಪ್ರದೇಶಗಳಲ್ಲಿ ಅಧಿಸೂಚನೆಯ ಮೂಲಕ ಪರವಾನಗಿ ಕಡ್ಡಾಯ ಮಾಡಬಹುದು. ಜಿಲ್ಲಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಉತ್ತರವನ್ನೂ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಯಾರಿಗೋ ತೋರಿಸಲೆಂದು ಬಸ್ಸಿನಲ್ಲೋ ರೈಲಿನಲ್ಲೋ ಒಯ್ಯಬೇಡಿ.

ಎರಡನೆಯದು 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಯಾರೂ ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಜಪಾನಿಗೆ ಕಳುಹಿಸಿ ಪ್ರಮಾಣಪತ್ರ ತರಿಸುತ್ತೇನೆ ಎಂದು ಯಾರಾದರೂ ಬಂದರೆ ಕತ್ತಿ ಕೊಡಬೇಡಿ.

ರಾಯಚೂರು ಮೇಷ್ಟ್ರು:

ವಕೀಲರು ಹೇಳಿದ್ದು ನಮ್ಮಂಥವರ ಮುಖ್ಯ ಕಷ್ಟ. ಟೋಕಿಯೊದಲ್ಲಿ ಕಲಾ ಖಡ್ಗಗಳ ಸಂರಕ್ಷಣೆಗೆಂದು 1948ರಲ್ಲಿ ಹುಟ್ಟಿದ ಸಂಘವಿದೆ. ಅಲ್ಲಿನ ಪಂಡಿತರು ಅಲಗು ನೋಡಿ ಹೊಜೋನ್, ತೋಕುಬೆತ್ಸು ಹೊಜೋನ್, ಜೂಯೋ, ತೋಕುಬೆತ್ಸು ಜೂಯೋ ಎಂದು ಏರುವ ದರ್ಜೆಯ ಪತ್ರ ಕೊಡುತ್ತಾರೆ. ಆದರೆ ನಿಮ್ಮ ಅಲಗು ಹಳೆಯದಾದರೆ ನಮ್ಮ ಕಾನೂನು ಅದನ್ನು ಹೊರಗೆ ಬಿಡುವುದಿಲ್ಲ. ಯುದ್ಧಕಾಲದ ಕಾರ್ಖಾನೆಯದಾದರೆ ಜಪಾನಿನ ಕಾನೂನು ಒಳಗೆ ಬಿಡುವುದಿಲ್ಲ; ಅಲ್ಲಿ ನೋಂದಣಿ ಸಿಗುವುದು ಸಾಂಪ್ರದಾಯಿಕವಾಗಿ ಮಾಡಿದ ಅಲಗಿಗೆ ಮಾತ್ರ. ನಮಗೆ ಉಳಿದಿರುವುದು ಕಣ್ಣು. ಹೈದರಾಬಾದಿಗೆ ಹೋದಾಗ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಜಪಾನಿ ವಿಭಾಗ ನೋಡಿ. ರಾಯಚೂರಿನಿಂದ ಬೆಳಗಿನ ರೈಲಿಗೆ ಹೋಗಿ ಅಲ್ಲಿನ ಕತ್ತಿಗಳ ಮುಂದೆ ನಿಂತು ಬಂದ ದಿನಗಳು ನನಗೆ ಯಾವ ಪುಸ್ತಕಕ್ಕಿಂತ ಹೆಚ್ಚು ಕಲಿಸಿವೆ.

ಕೌಲ್‌ಬಜಾರ್ ಹೊಲಿಗೆ (ಬಳ್ಳಾರಿ):

ಗುರುಗಳೇ, ನಿನ್ನೆ ಬಿಚ್ಚಿದೆವು. ಅಜ್ಜಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಸಹಿ ಇಲ್ಲ. ಮುದ್ರೆಯೂ ಇಲ್ಲ. ತೂತು ಎರಡು. ಮೇಲಿನದು ದುಂಡಗಿದೆ, ಕೆಳಗಿನದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಉಜ್ಜದ ಮಗ್ಗುಲು ಸುಟ್ಟ ಹುಣಸೆಬೀಜದ ಬಣ್ಣಕ್ಕಿದೆ, ಬಿಳಿ ಬಟ್ಟೆಗೆ ಏನೂ ಹತ್ತಲಿಲ್ಲ. ಬುಡದ ತುದಿ ನೇರವಾಗಿ ಕತ್ತರಿಸಿದಂತಿದೆ. ಬಲ್ಬಿನ ಮುಂದೆ ಹಿಡಿದಾಗ ಮೊದಲು ಏನೂ ಕಾಣಲಿಲ್ಲ. ಓರೆ ಮಾಡುತ್ತಾ ಹೋದಾಗ ಒಮ್ಮೆಲೇ ಎದ್ದಿತು: ತಗ್ಗಾದ ಅಲೆಗಳು, ಮೇಲೆ ಹೊಗೆಯಂಥದ್ದು. ಮಗನಿಗೂ ಕಂಡಿತು. ನಿಂಬೆಯ ಕಲೆ ಬಿದ್ದ ಕಡೆಯೆಲ್ಲ ಅದು ಮುಚ್ಚಿಹೋಗಿದೆ. ನೋಡಿ ಬಹಳ ದುಃಖವಾಯಿತು. ಇನ್ನು ಮುಂದೆ ಪೂಜೆ ಒರೆಯ ಮುಂದಿನ ತಟ್ಟೆಗೆ, ಕುಂಕುಮವೂ ತಟ್ಟೆಗೇ ಎಂದು ಅಜ್ಜಿಯೇ ಹೇಳಿದರು.

ಚೀಟಿಯ ಮಾತು ಕೇಳಿದ ಕೂಡಲೇ ಅವರು ಅಜ್ಜನ ಟ್ರಂಕು ತೆಗೆಸಿದರು. ಪದಕಗಳ ಡಬ್ಬಿಯಲ್ಲಿ ಬೆರಳುದ್ದದ ಮರದ ಚಕ್ಕೆ ಇದೆ, ತುದಿಯಲ್ಲಿ ತೂತು, ಎರಡೂ ಬದಿಯಲ್ಲಿ ಮಸಿಯ ಜಪಾನಿ ಅಕ್ಷರಗಳು. ನಾವು ಇಷ್ಟು ವರ್ಷ ಅದನ್ನು ತಾಯತ ಎಂದುಕೊಂಡಿದ್ದೆವು.

ರಾಯಚೂರು ಮೇಷ್ಟ್ರು:

ತಂಗಿ, ಅಲಗಿನ ವಿಷಯ ಮೊದಲು. ಸಹಿಯಿಲ್ಲದ್ದು, ಎರಡು ತೂತು, ನೇರವಾಗಿ ಕತ್ತರಿಸಿದ ಬುಡ, ಆ ಬಣ್ಣ, ಇವೆಲ್ಲ ಸೇರಿದರೆ ಉದ್ದನೆಯ ಹಳೆಯ ಅಲಗನ್ನು ಬುಡದ ಕಡೆಯಿಂದ ಗಿಡ್ಡ ಮಾಡಿದ್ದೆಂದು ನನಗೆ ಅನಿಸುತ್ತದೆ. ಹಾಗೆ ಮಾಡುವಾಗ ಸಹಿ ಇದ್ದ ಭಾಗವೇ ಹೋಗಿಬಿಡುತ್ತದೆ. ಶತಮಾನ ಯಾವುದು, ಯಾವ ಪರಂಪರೆ ಎಂದು ಅಲಗನ್ನು ಕೈಯಲ್ಲಿ ಹಿಡಿಯದೆ ನಾನು ಹೇಳುವುದಿಲ್ಲ. ಬಿಸಿಲು ಇಳಿದ ಮೇಲೆ ನಾನೇ ಬಳ್ಳಾರಿಗೆ ಬರುತ್ತೇನೆ. ಅಜ್ಜಿ ಒಪ್ಪಿದರೆ ಮಾತ್ರ.

ಮರದ ಚಕ್ಕೆ ಶರಣಾಗತಿಯ ಚೀಟಿ ಇರಬೇಕು. 1945ರಲ್ಲಿ ಕತ್ತಿ ಒಪ್ಪಿಸುವಾಗ ಅನೇಕ ಅಧಿಕಾರಿಗಳು ತಮ್ಮ ಹೆಸರು, ಊರು ಬರೆದು ಹೀಗೆ ಕಟ್ಟಿದರು, ಎಂದಾದರೂ ಮನೆಗೆ ಮರಳೀತೆಂಬ ಆಸೆಯಿಂದ. ಅದರ ಚಿತ್ರವನ್ನು ಇಲ್ಲಿ ಹಾಕಬೇಡಿ, ಅದರಲ್ಲಿ ಒಬ್ಬ ಮನುಷ್ಯನ ಮನೆತನದ ಹೆಸರಿದೆ. ನೀರು, ಎಣ್ಣೆ ಏನನ್ನೂ ತಾಗಿಸಬೇಡಿ, ಮಸಿ ಕರಗುತ್ತದೆ. ಕಿಟಕಿಯ ಪಕ್ಕ ಓರೆ ಬೆಳಕಿನಲ್ಲಿ ಎರಡೂ ಬದಿಯ ಚಿತ್ರ ತೆಗೆದು, ಚಕ್ಕೆಯನ್ನು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪದಕಗಳಿಂದ ಬೇರೆ ಮಾಡಿ ಇಡಿ. ನಾನು ಬರುವಾಗ ಆ ಅಕ್ಷರ ಓದಬಲ್ಲ ನನ್ನ ಹಳೆಯ ವಿದ್ಯಾರ್ಥಿಯನ್ನೂ ಕರೆತರುತ್ತೇನೆ.