ಅಪ್‌ಡೇಟ್: ಎಳ್ಳೆಣ್ಣೆಯ ಗಾಮಾ ಟೊಕೊಫೆರಾಲ್ ಈಗ ಸ್ಥಿರವಾಗಿ ಸಿಗ್ತಿದೆ

ಸಪೋನಿಫಿಕೇಶನ್ (ಎಣ್ಣೆಯನ್ನು ಕ್ಷಾರದ ಜೊತೆ ಕಾಯಿಸಿ ಸಾಬೂನಾಗಿಸೋದು) ಆದಮೇಲೆ ಗಾಮಾ ಟೊಕೊಫೆರಾಲ್ (ವಿಟಮಿನ್ ಇ ಯ ಒಂದು ರೂಪ) ಅಳತೆಯಲ್ಲಿ ಕಡಿಮೆ ಬರುತ್ತೆ, ಅದೂ ಪ್ರತಿಸಲ ಬೇರೆ ಬೇರೆ, ಯಾಕೆ ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದ್ದೇ ಸರಿ: ಬಿಸಿ ಕ್ಷಾರದಲ್ಲಿ ಗಾಳಿ ಸೋಕಿದರೆ ಅದು ಆಕ್ಸಿಡೈಸ್ ಆಗಿಬಿಡುತ್ತೆ. ಪೈರೊಗ್ಯಾಲಾಲ್ (ಆಕ್ಸಿಡೇಶನ್ ತಡೆಯುವ ರಾಸಾಯನಿಕ) ಹಾಕಿ, ನೈಟ್ರೋಜನ್ ಹಾಯಿಸಿದರೆ ಉಳಿಸಿಕೊಳ್ಳಬಹುದು. ಆದರೆ ಟೊಕೊಫೆರಾಲ್ ಒಂದೇ ಬೇಕಿದ್ದರೆ ಸಪೋನಿಫಿಕೇಶನ್ ಗೋಜೇ ಬೇಡ.

ಈಗ ಎಣ್ಣೆಯನ್ನು ನೇರವಾಗಿ ಹೆಕ್ಸೇನ್‌ನಲ್ಲಿ ಕರಗಿಸಿ, ಸೋಸಿ, HPLC ಯಂತ್ರದ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಸಿಲಿಕಾ ಕಾಲಂಗೆ ಇಂಜೆಕ್ಟ್ ಮಾಡೋದು. ಮೊಬೈಲ್ ಫೇಸ್ (ಕಾಲಂ ಮೂಲಕ ಹರಿಸುವ ದ್ರಾವಕ) ಹೆಕ್ಸೇನ್–ಐಸೊಪ್ರೊಪನಾಲ್ 99.5:0.5, ಫ್ಲೋರೆಸೆನ್ಸ್ 295/330 ನ್ಯಾನೊಮೀಟರ್ (ಬೆಳಕು ಹೀರುವ/ಹೊರಸೂಸುವ ತರಂಗಾಂತರ). ಟೊಕೊಫೆರಾಲ್‌ನ ನಾಲ್ಕು ರೂಪಗಳು ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಇದೇ ಕ್ರಮದಲ್ಲಿ ಬರುತ್ತವೆ. ಎಳ್ಳೆಣ್ಣೆಯಲ್ಲಿ ಗಾಮಾನೇ ಯಜಮಾನ, ಆಲ್ಫಾ ಪೀಕ್ ಪುಟ್ಟದಾಗಿದ್ದರೆ ಗಾಬರಿ ಬೇಡ.

ಎರಡು ಎಚ್ಚರಿಕೆ. ದ್ರಾವಕದಲ್ಲಿ ನೀರಿನಂಶ ಏರುಪೇರಾದರೆ ರಿಟೆನ್ಶನ್ ಟೈಮ್ (ಪೀಕ್ ಹೊರಬರುವ ಸಮಯ) ಜಾರುತ್ತೆ, ಸಾಕಷ್ಟು ಹೊತ್ತು ಕಾಲಂ ಸಮಸ್ಥಿತಿಗೆ ಬರಲು ಬಿಡಿ. ಎಳ್ಳೆಣ್ಣೆಯಲ್ಲೇ ಇರುವ ಸೆಸಮಿನ್, ಸೆಸಮೊಲಿನ್ ಕೂಡ ಫ್ಲೋರೆಸೆನ್ಸ್ ಕೊಡುತ್ತವೆ, ಹೊರಬರೋದು ತಡವಾಗಿ. ರನ್ ಬೇಗ ನಿಲ್ಲಿಸಿದರೆ ಮುಂದಿನ ಕ್ರೊಮ್ಯಾಟೊಗ್ರಾಂನಲ್ಲಿ ಎಲ್ಲಿಂದಲೋ ಉಬ್ಬು ಬಂದು ಕೂರುತ್ತೆ.

ಸ್ಟ್ಯಾಂಡರ್ಡ್ (ಹೋಲಿಕೆಗೆ ಬಳಸುವ ಶುದ್ಧ ಟೊಕೊಫೆರಾಲ್) ಬಾಟಲಿಯ ಲೇಬಲ್‌ನಲ್ಲಿರುವ ಪ್ರಮಾಣ ನಂಬಬೇಡಿ. ಮೆಥನಾಲ್‌ನಲ್ಲಿ 298 ನ್ಯಾನೊಮೀಟರ್‌ಗೆ ಗಾಮಾದ ಅಬ್ಸಾರ್ಬೆನ್ಸ್ ಓದಿ 0.0091ರಿಂದ ಭಾಗಿಸಿ (1 ಸೆಂ.ಮೀ. ಕ್ಯುವೆಟ್), ಮಿಲಿಲೀಟರ್‌ಗೆ ಎಷ್ಟು ಮೈಕ್ರೋಗ್ರಾಂ ಅಂತ ಸಿಗುತ್ತೆ.