ಹಳೇ ಫೋರ್ಕ್‌ಲಿಫ್ಟ್‌ಗೆ ಬದಲಿ ಎಂಜಿನ್ ಎಲ್ಲಿ ಹುಡುಕೋದು? (ಇಸುಜು ಸಿ240, ಮಂಡ್ಯ)

ತೂಬಿನಕೆರೆಯವನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ತೂಬಿನಕೆರೆಯಲ್ಲಿ ನಾನು ಸಿಮೆಂಟ್ ಬ್ಲಾಕ್ ಮಾಡಿಸುತ್ತೇನೆ. ನಮ್ಮಲ್ಲಿ ಇರೋದು ಒಂದೇ ಫೋರ್ಕ್‌ಲಿಫ್ಟ್. ಟಿಸಿಎಂ ಎಫ್‌ಡಿ25, ಎರಡೂವರೆ ಟನ್, ಡೀಸೆಲ್. ಜಪಾನ್‌ನಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದ ಗಾಡಿ. ಒಳಗಿರೋದು ಇಸುಜು ಸಿ240 ಎಂಜಿನ್.

ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಬಿಳಿ ಹೊಗೆ ಬರುತ್ತಿತ್ತು, ನೀರು ಕಮ್ಮಿ ಆಗುತ್ತಿತ್ತು. ಆಮೇಲೆ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಗ್ಯಾಸ್ಕೆಟ್ ಹೋಗಿರಬೇಕು ಅಂತ ಹೆಡ್ ಬಿಚ್ಚಿಸಿದೆ. ಹೆಡ್ ಸರಿ ಇದೆ. ಲೈನರ್ (ಸಿಲಿಂಡರ್ ಒಳಗಿನ ತೋಳು) ತೆಗೆದು ಎಂಜಿನ್ ಬ್ಲಾಕ್ ತೊಳೆದು ಕೆಂಪು ಡೈ ಬಳಿದು, ಒರೆಸಿ, ಮೇಲೆ ಬಿಳಿ ಸ್ಪ್ರೇ ಹೊಡೆದರು. ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಕೂದಲಷ್ಟು ಸಣ್ಣ ಕೆಂಪು ಗೆರೆ ಮೆಲ್ಲಗೆ ಮೂಡಿತು. ಬ್ಲಾಕೇ ಸೀಳಿದೆ.

ನೀರಿನ ಜಾಕೆಟ್ ಒಳಗೆ ದಪ್ಪಗೆ ಸುಣ್ಣ ಕಟ್ಟಿಕೊಂಡಿದೆ. ನಮಗೆ ಮಾರಿದವರ ಕಾಲದಲ್ಲೇ ಬೋರ್‌ವೆಲ್ ನೀರು ಹಾಕಿ ಓಡಿಸಿದ್ದಾರೆ ಅನ್ನುತ್ತಾರೆ ಮೆಕ್ಯಾನಿಕ್.

ಗೇರ್‌ಬಾಕ್ಸ್, ಮಾಸ್ಟ್ (ಫೋರ್ಕ್ ಏರಿಳಿಯುವ ಕಂಬ), ಹೈಡ್ರಾಲಿಕ್ ಪಂಪ್ ಎಲ್ಲ ಗಟ್ಟಿ ಇವೆ. ಗಾಡಿನ ಗುಜರಿಗೆ ಹಾಕೋಕೆ ಮನಸ್ಸಿಲ್ಲ. ಇಲ್ಲೊಬ್ಬರು ಟ್ರ್ಯಾಕ್ಟರ್ ಎಂಜಿನ್ ಕೂರಿಸಿಕೊಡ್ತೀನಿ, ಅರ್ಧ ಖರ್ಚಲ್ಲಿ ಮುಗಿಯುತ್ತೆ ಅನ್ನುತ್ತಿದ್ದಾರೆ. ಮಾಡಿಸಬಹುದಾ? ಇಲ್ಲ ಅಂದರೆ ಸಿ240 ಎಲ್ಲಿ ಸಿಗುತ್ತೆ?

ನಂಜನಗೂಡಿನಿಂದ ಒಬ್ಬರು:

ಅಣ್ಣ, ಬ್ಲಾಕ್ ಬಿಸಾಡುವ ಮುಂಚೆ ಕೋಲ್ಡ್ ಸ್ಟಿಚಿಂಗ್ ಮಾಡುವವರನ್ನು ಒಮ್ಮೆ ಕೇಳಿ. ವೆಲ್ಡಿಂಗ್ ಇಲ್ಲದೆ ಸೀಳಿನುದ್ದಕ್ಕೂ ಲೋಹದ ಪಿನ್ ಕೂರಿಸಿ ಮುಚ್ಚುತ್ತಾರೆ. ನಮ್ಮ ಜನರೇಟರ್ ಬ್ಲಾಕ್ ಹಾಗೇ ಉಳಿಯಿತು.

ಹೆಬ್ಬಾಳದ ಮೆಕ್ಯಾನಿಕ್:

ನಂಜನಗೂಡಿನವರು ಹೇಳಿದ್ದು ಬ್ಲಾಕಿನ ಹೊರಗೋಡೆಗೆ ಸರಿ. ಎರಡು ಬೋರ್ (ಸಿಲಿಂಡರ್ ರಂಧ್ರ) ನಡುವಿನ ಜಾಗ ತುಂಬಾ ತೆಳು, ಶಾಖವೂ ಜಾಸ್ತಿ. ಅಲ್ಲಿ ದುಡ್ಡು ಹಾಕಬೇಡಿ.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫೋರ್ಕ್‌ಲಿಫ್ಟ್ ಕೆಲಸವನ್ನೇ ಮಾಡುವವನು. ಮೊದಲು ಟ್ರ್ಯಾಕ್ಟರ್ ವಿಷಯ ಹೇಳಿಬಿಡ್ತೀನಿ. ದಯವಿಟ್ಟು ಬೇಡ. ಟ್ರ್ಯಾಕ್ಟರ್‌ನಲ್ಲಿ ಸಾಮಾನ್ಯವಾಗಿ ಎಂಜಿನ್ನೇ ಗಾಡಿಯ ಬೆನ್ನೆಲುಬು. ಮುಂದೆ ಆಕ್ಸಲ್, ಹಿಂದೆ ಗೇರ್‌ಬಾಕ್ಸ್, ನಡುವೆ ಎಂಜಿನ್ ಬೋಲ್ಟ್ ಆಗಿರುತ್ತೆ. ಅದಕ್ಕೇ ಅದರ ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಕೂಡ ದಪ್ಪ ಎರಕದ್ದು. ಅದನ್ನ ನಿಮ್ಮ ಗಾಡಿಯಲ್ಲಿ ರಬ್ಬರ್ ಮೌಂಟ್ ಮೇಲೆ ಕೂರಿಸಬೇಕು ಅಂದರೆ ಬ್ರಾಕೆಟ್ ಹೊಸದಾಗಿ ಮಾಡಬೇಕು, ಬೆಲ್ ಹೌಸಿಂಗ್‌ಗೆ (ಎಂಜಿನ್, ಗೇರ್‌ಬಾಕ್ಸ್ ಸೇರುವ ಕಡೆಯ ಕವಚ) ಅಡಾಪ್ಟರ್ ಪ್ಲೇಟ್ ಕೊರೆಸಬೇಕು. ಪ್ಲೇಟ್ ಸ್ವಲ್ಪ ಓರೆ ಆದರೂ ಗೇರ್‌ಬಾಕ್ಸ್ ಇನ್‌ಪುಟ್ ಬೇರಿಂಗ್ ಹೋಗುತ್ತೆ.

ಇನ್ನೊಂದು, ಆರ್‌ಪಿಎಂ. ಸಿ240 ಕೆಲಸ ಮಾಡೋದು 2500ರ ಹತ್ತಿರ. ಎಷ್ಟೋ ಟ್ರ್ಯಾಕ್ಟರ್ ಎಂಜಿನ್‌ಗಳ ಲೆಕ್ಕ 2000ದಿಂದ 2200ಕ್ಕೆ ಮುಗಿಯುತ್ತೆ. ಹೈಡ್ರಾಲಿಕ್ ಪಂಪ್ ಅಷ್ಟು ನಿಧಾನ ತಿರುಗಿದರೆ ಮಾಸ್ಟ್ ಏಳೋದೂ ನಿಧಾನ ಆಗುತ್ತೆ.

ಫ್ಯಾನ್ ಕೂಡ ನೋಡಿ. ಲಾರಿಯಲ್ಲಿ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಒಳಗೆ ಎಳೆಯುತ್ತೆ. ಫೋರ್ಕ್‌ಲಿಫ್ಟ್‌ನಲ್ಲಿ ರೇಡಿಯೇಟರ್ ಹಿಂದೆ, ಕೌಂಟರ್‌ವೇಟ್‌ಗೆ (ಹಿಂಬದಿಯ ಭಾರದ ಎರಕ) ಅಂಟಿಕೊಂಡಂತೆ ಇರುತ್ತೆ. ಫ್ಯಾನ್ ಗಾಳಿಯನ್ನ ಕೌಂಟರ್‌ವೇಟ್‌ನ ಕಿಂಡಿಯಿಂದ ಹೊರಗೆ ತಳ್ಳಬೇಕು. ಬೇರೆ ಎಂಜಿನ್ ಜೊತೆ ಬಂದ ಫ್ಯಾನ್ ಹಾಗೇ ಬಿಟ್ಟರೆ ಬಿಸಿಗಾಳಿ ಎಂಜಿನ್ ಮೇಲೇ ಬರುತ್ತೆ. ಡ್ರೈವರ್ ಕೂತಿರೋದೂ ಅದರ ಮೇಲೇ ಅಲ್ವಾ?

ಸಿ240 ಸಿಗದ ಎಂಜಿನ್ ಅಲ್ಲ. ನಾಲ್ಕು ಸಿಲಿಂಡರ್, 86 ಎಂಎಂ ಬೋರ್, 102 ಎಂಎಂ ಸ್ಟ್ರೋಕ್, 2369 ಸಿಸಿ. ಟಿಸಿಎಂ ಅಷ್ಟೇ ಅಲ್ಲ, ಚೀನಾದಲ್ಲಿ ಮಾಡಿದ ಎಷ್ಟೋ ಫೋರ್ಕ್‌ಲಿಫ್ಟ್‌ಗಳಲ್ಲೂ ಇದೇ ಇದೆ. ಅಂಥ ಗಾಡಿ ಮಾಸ್ಟ್ ಬಾಗಿಯೋ ಗೇರ್‌ಬಾಕ್ಸ್ ಹೋಗಿಯೋ ಮೂಲೆ ಸೇರಿರುತ್ತೆ, ಎಂಜಿನ್ ಚೆನ್ನಾಗಿರುತ್ತೆ. ಬೆಂಗಳೂರಿನ ಪೀಣ್ಯದ ಕಡೆ ಫೋರ್ಕ್‌ಲಿಫ್ಟ್ ಬಾಡಿಗೆಗೆ ಕೊಡುವವರನ್ನ ಮೊದಲು ವಿಚಾರಿಸಿ. ಅಲ್ಲಿ ಆಗದಿದ್ದರೆ ಹಳೇ ಬಿಡಿಭಾಗದ ಮಾರುಕಟ್ಟೆಗಳಾದ ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ.

ಆದರೆ ಸುಮ್ನೆ ‘ಸಿ240 ಬೇಕು’ ಅಂತ ಕೇಳಬೇಡಿ. ಸಿ240 ಆದಮೇಲೆ ಬರುವ ಅಕ್ಷರಗಳನ್ನೂ ಎಂಜಿನ್ ನಂಬರ್ ಪ್ಲೇಟ್ ನೋಡಿ ಬರೆದುಕೊಳ್ಳಿ. ಸಂಪ್, ಫ್ಲೈವೀಲ್ ಹೌಸಿಂಗ್, ಡೀಸೆಲ್ ಪಂಪ್, ಮೌಂಟ್ ಜಾಗ ಬೇರೆ ಬೇರೆ ಇರಬಹುದು. ನಿಮ್ಮದು ಕ್ಲಚ್ ಗಾಡಿನಾ, ಟಾರ್ಕ್ ಕನ್ವರ್ಟರ್ (ಕ್ಲಚ್ ಇಲ್ಲದ) ಗಾಡಿನಾ? ಯಾವ ಫ್ಲೈವೀಲ್ ಬೇಕು ಅನ್ನೋದು ಅದರ ಮೇಲೆ ನಿಂತಿದೆ.

ತೂಬಿನಕೆರೆಯವನು:

ಕ್ಲಚ್ ಗಾಡಿ ಅಣ್ಣ. ಪ್ಲೇಟ್ ಮೇಲೆ ಸಿಮೆಂಟ್ ಗಟ್ಟಿಯಾಗಿ ಕೂತಿತ್ತು. ವೈರ್ ಬ್ರಷ್ ಹಾಕಿ ಉಜ್ಜಿ ಪೂರ್ತಿ ನಂಬರ್ ಬರೆದುಕೊಂಡೆ, ಫೋಟೋನೂ ತೆಗೆದೆ. ನಿಮ್ಮ ಮಾತು ಕೇಳಿ ಟ್ರ್ಯಾಕ್ಟರ್ ಎಂಜಿನ್ ಯೋಚನೆ ಬಿಟ್ಟೆ. ಪೀಣ್ಯದಲ್ಲಿ ಒಂದು ಸಿ240 ಇದೆ ಅಂತ ಫೋನಲ್ಲಿ ಹೇಳಿದ್ದಾರೆ, ಇನ್ನೂ ಗಾಡಿಯಲ್ಲೇ ಇದೆಯಂತೆ. ಹೋದಾಗ ಏನೇನು ನೋಡಬೇಕು?

ಹೆಬ್ಬಾಳದ ಮೆಕ್ಯಾನಿಕ್:

ಗಾಡಿಯಲ್ಲೇ ಇದ್ದರೆ ಅರ್ಧ ಚಿಂತೆ ಕಮ್ಮಿ. ನೀವು ಹೋಗುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಡಿ. ಎಂಜಿನ್ ತಣ್ಣಗಿದ್ದಾಗಲೇ ಹೇಗೆ ಹಿಡಿಯುತ್ತೆ ಅಂತ ನೋಡಬೇಕು. ಹೀಟರ್ ಪ್ಲಗ್ ಇರುವ ಎಂಜಿನ್, ಸ್ವಲ್ಪ ಹೊತ್ತು ಹೀಟ್ ಕೊಟ್ಟು ಸೆಲ್ಫ್ ಹೊಡೆದರೆ ಹಿಡಿಯಬೇಕು.

ಚೆನ್ನಾಗಿ ಬಿಸಿ ಆಗುವವರೆಗೆ ಓಡಿಸಿ, ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಹಬೆ ಬಂದರೆ ಪರವಾಗಿಲ್ಲ. ಬುಸ್ ಬುಸ್ ಅಂತ ಹೊಗೆ ತಳ್ಳಿದರೆ ಬ್ಯಾಕ್ ಕಂಪ್ರೆಶನ್ (ಪಿಸ್ಟನ್ ರಿಂಗ್ ದಾಟಿ ಗ್ಯಾಸ್ ಕೆಳಗೆ ಸೋರುವುದು), ಬಿಟ್ಟು ಬನ್ನಿ. ಆಯಿಲ್ ಪ್ರೆಶರ್ ಸ್ವಿಚ್ ಜಾಗಕ್ಕೆ ಗೇಜ್ ಹಾಕಿಸಿ, ಬಿಸಿಯಲ್ಲಿ ಐಡಲ್‌ಗೆ ಬಂದಾಗ ಮುಳ್ಳು ಎಲ್ಲಿ ನಿಲ್ಲುತ್ತೆ ನೋಡಿ. ತಣ್ಣಗಿದ್ದಾಗ ಯಾವ ಎಂಜಿನ್ ಆದರೂ ಒಳ್ಳೇ ಪ್ರೆಶರ್ ತೋರಿಸುತ್ತೆ. ಕ್ರ್ಯಾಂಕ್ ಎಷ್ಟು ಸಲ ಗ್ರೈಂಡ್ ಆಗಿದೆ ಅಂತಲೂ ಕೇಳಿ. ರೇಡಿಯೇಟರ್ ಮುಚ್ಚಳ ತೆಗೆದು ನೋಡೋದು ಎಂಜಿನ್ ಪೂರ್ತಿ ಆರಿದ ಮೇಲೆ ಮಾತ್ರ. ಅಲ್ಲೂ ಸುಣ್ಣ ಕಂಡರೆ ನಿಮ್ಮ ಹಳೇ ಬ್ಲಾಕಿನ ಕಥೆಯೇ ಅದು. ಜಿಎಸ್‌ಟಿ ಬಿಲ್‌ನಲ್ಲಿ ಎಂಜಿನ್ ನಂಬರ್ ಬರೆಸಿಕೊಳ್ಳಿ.

ಹಳೇ ಎಂಜಿನ್‌ನಿಂದ ಹೆಡ್, ಡೀಸೆಲ್ ಪಂಪ್, ಸೆಲ್ಫ್ ಮೋಟರ್, ಡೈನಮೋ ಎತ್ತಿಡಿ, ಮುಂದೆ ಬೇಕಾಗುತ್ತವೆ. ಎಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟ್, ಹಿಂದಿನ ಕ್ರ್ಯಾಂಕ್ ಸೀಲ್, ಮೌಂಟ್ ರಬ್ಬರ್ ಹೊಸದು ಹಾಕಿಸಿ. ಆಮೇಲೆ ಅದಕ್ಕಾಗಿ ಮತ್ತೆ ಇಳಿಸೋದು ಯಾರಿಗೂ ಬೇಡದ ಕೆಲಸ. ಇಳಿಸಲು ಕೌಂಟರ್‌ವೇಟ್ ತೆಗೆಯಬೇಕಾಗಿ ಬಂದರೆ ಕ್ರೇನ್ ಕರೆಸಿ. ಅದು ಟನ್‌ಗಿಂತ ಜಾಸ್ತಿ ತೂಕ, ಚೈನ್ ಬ್ಲಾಕ್ ಕಟ್ಟಿ ಸಾಹಸ ಮಾಡಬೇಡಿ, ಹುಡುಗರನ್ನು ಕೆಳಗೆ ನಿಲ್ಲಿಸಬೇಡಿ.

ರೇಡಿಯೇಟರ್ ಬಿಚ್ಚಿ ಒಳಗಿನ ಕೊಳವೆಗಳಿಗೆ ರಾಡ್ ಹೊಡೆಸಿ ಕಟ್ಟಿದ್ದನ್ನ ತೆಗೆಸಿ, ಫಿನ್‌ಗಳಲ್ಲಿ ಕೂತ ಸಿಮೆಂಟ್ ಧೂಳು ತೊಳೆಸಿ. ಹೊಸ ಎಂಜಿನ್‌ಗೆ ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಮಾತ್ರ. ಗಾಡಿ ಹತ್ತುವವರಿಗೆಲ್ಲ ಇದನ್ನ ಹೇಳಿಡಿ.

ಪೀಣ್ಯಕ್ಕೆ ಯಾವತ್ತು ಹೋಗ್ತೀರಿ ಹೇಳಿ. ಭಾನುವಾರ ಆದರೆ ನನ್ನ ಗೇಜ್ ತಗೊಂಡು ನಾನೂ ಬರ್ತೀನಿ.