ಜರ್ಮನ್ ಹೆರಾಲ್ಡ್‌ನ ಚಿತ್ರಮುದ್ರಣ: ಇದು 1520ರ ಕಾಲದ್ದೇ? ಉಡುಗೆ ನಂಬುವಂಥದ್ದೇ?

ಪ್ರಶ್ನೆ: ನೆಕ್ಕರ್ ತೀರದವ

ನಮಸ್ಕಾರ. ಮನ್‌ಹೈಮ್‌ನಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಕಳೆದ ಶನಿವಾರ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಬಣ್ಣದ ಚಿತ್ರಮುದ್ರಣವನ್ನು ಕೊಂಡೆ. ಹಳದಿ ಮೇಲಂಗಿ ತೊಟ್ಟ ಗಡ್ಡಧಾರಿಯೊಬ್ಬ ಬಿಳಿ ಕೋಲು ಹಿಡಿದು ನಿಂತಿದ್ದಾನೆ. ಅವನ ಎದೆಯ ಮೇಲೆ ಎರಡು ತಲೆಯ ಕಪ್ಪು ಹದ್ದು ಇದೆ. ಮೊದಲ ನೋಟಕ್ಕೆ ಅದು ನಮ್ಮ ಗಂಡಭೇರುಂಡದಂತೆ ಕಂಡದ್ದರಿಂದಲೇ ಕೈಗೆತ್ತಿಕೊಂಡೆ. ಕೆಳಗೆ ಹಳೆಯ ಜರ್ಮನ್ ಲಿಪಿಯಲ್ಲಿ ‘ರೈಶ್ಸ್‌ಹೆರೋಲ್ಡ್’, ಅಂದರೆ ಸಾಮ್ರಾಜ್ಯದ ಹೆರಾಲ್ಡ್ (ಒಡೆಯನ ಲಾಂಛನ ತೊಟ್ಟ ದೂತ) ಎಂದು ಬರೆದಿದೆ. ಮೂಲೆಯಲ್ಲಿ ಬಣ್ಣ ಹಾಕದ ಪುಟ್ಟ ಗುರಾಣಿಯೊಂದಿದ್ದು, ಅದರ ತುಂಬ ನೇರವಾಗಿ ನಿಂತ ಸಣ್ಣ ಗೆರೆಗಳಿವೆ. ಇದು ಜರ್ಮನ್ ಕಲಾವಿದ ಡ್ಯೂರರ್ ಕಾಲದ, ಅಂದರೆ 1520ರ ಸುಮಾರಿನ ಮೂಲಪ್ರತಿ ಎಂದು ಮಾರಿದವರು ಹೇಳಿದರು. ಆ ಮಾತನ್ನು ನಂಬಬಹುದೇ? ಅದಕ್ಕಿಂತ ಮುಖ್ಯವಾಗಿ, ಹೆರಾಲ್ಡ್‌ಗಳು ನಿಜವಾಗಿಯೂ ಹೀಗೆ ಉಡುತ್ತಿದ್ದರೇ?

ಉತ್ತರ: ಮಸಿ ಮತ್ತು ಅಚ್ಚು

ನಿಮ್ಮ ಮೊದಲ ಪ್ರಶ್ನೆಗೆ ಆ ಪುಟ್ಟ ಗುರಾಣಿಯೇ ಉತ್ತರ ಹೇಳುತ್ತಿದೆ. ಬಣ್ಣವಿಲ್ಲದ ಅಚ್ಚಿನಲ್ಲಿ ಬಣ್ಣವನ್ನು ಸೂಚಿಸಲು ಗೆರೆಗಳನ್ನು ಬಳಸುವ ಪದ್ಧತಿ ನೆಲೆಗೊಂಡದ್ದು 17ನೇ ಶತಮಾನದಲ್ಲಿ. ಸಿಲ್ವೆಸ್ಟರ್ ಪೆಟ್ರಾ ಸಾಂಕ್ಟಾ ಎಂಬ ಜೆಸ್ಯುಯಿಟ್ ಪಾದ್ರಿಯ 1638ರ ಗ್ರಂಥದಿಂದ ಅದು ಯುರೋಪಿನಲ್ಲೆಲ್ಲ ಹರಡಿತು. ನಿಂತ ಗೆರೆ ಎಂದರೆ ಕೆಂಪು, ಮಲಗಿದ ಗೆರೆ ಎಂದರೆ ನೀಲಿ, ಚುಕ್ಕೆಗಳು ಚಿನ್ನಕ್ಕೆ, ಖಾಲಿ ಬಿಟ್ಟದ್ದು ಬೆಳ್ಳಿಗೆ. 1520ರಲ್ಲಿ ಕೆಲಸ ಮಾಡುತ್ತಿದ್ದ ಕಲಾವಿದನೊಬ್ಬ ಆ ಗೆರೆಗಳನ್ನು ಹಾಕುವ ಸಾಧ್ಯತೆಯೇ ಇಲ್ಲ.

ಇನ್ನು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದನ್ನು ಹಿಡಿದು ಹದ್ದಿನ ರೆಕ್ಕೆಯ ಅಂಚನ್ನೂ ಮುಖದ ಕೆನ್ನೆಯನ್ನೂ ನೋಡಿ. ಚುಕ್ಕೆಗಳು ಹೂವಿನ ಎಸಳಿನಂತೆ ಒಂದೇ ಅಳತೆಯಲ್ಲಿ ಸಾಲುಗಟ್ಟಿದ್ದರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಅದರ ಬದಲು ಕೈಯಿಂದ ಇಟ್ಟಂತೆ ಅಡ್ಡಾದಿಡ್ಡಿ ಚುಕ್ಕೆಗಳಿದ್ದು, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ತುಸು ಸರಿದು ಕೂತಿದ್ದರೆ ಅದು 19ನೇ ಶತಮಾನದ ಕಲ್ಲಚ್ಚು (ಲಿಥೋಗ್ರಾಫ್). ಆ ಕಾಲದಲ್ಲಿ ಜರ್ಮನಿಯಲ್ಲಿ ಲಾಂಛನಶಾಸ್ತ್ರದ ಬಗ್ಗೆ ದೊಡ್ಡ ಆಸಕ್ತಿ ಮರಳಿ ಹುಟ್ಟಿತ್ತು: ಬರ್ಲಿನ್‌ನ ‘ಹೆರೋಲ್ಡ್’ ಸಂಘ 1869ರಲ್ಲಿ ಆರಂಭವಾಯಿತು, ಹ್ಯೂಗೋ ಗೆರಾರ್ಡ್ ಸ್ಟ್ರೋಲ್ ಅವರ ಬಣ್ಣದ ಹಾಳೆಗಳುಳ್ಳ ಲಾಂಛನ ಅಟ್ಲಾಸ್ 1899ರಲ್ಲಿ ಶ್ಟುಟ್‌ಗಾರ್ಟ್‌ನಲ್ಲಿ ಪ್ರಕಟವಾಯಿತು. ಇಂಥ ಪುಸ್ತಕಗಳಿಂದ ಬಿಡಿಸಿದ ಹಾಳೆಗಳು ಸಂತೆಗಳಿಗೆ ಬರುತ್ತಲೇ ಇರುತ್ತವೆ. ಅವು ಮೂಲಪ್ರತಿಗಳಲ್ಲ ಎಂದು ಕಡೆಗಣಿಸುವುದು ತಪ್ಪು. ಒಳ್ಳೆಯ ಕಲ್ಲಚ್ಚಿನ ಬಣ್ಣದ ಸೊಗಸು ಇಂದಿನ ಯಂತ್ರಗಳಿಗೆ ದಕ್ಕುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಉತ್ತರ: ಲಾಂಛನಪ್ರಿಯೆ

ಉಡುಗೆಯ ಬಗ್ಗೆ ನಾನು ಹೇಳುತ್ತೇನೆ. ಹೆರಾಲ್ಡ್ ಎಂದರೆ ನಮ್ಮ ಆಸ್ಥಾನಗಳಲ್ಲಿ ಬಿರುದಾವಳಿ ಹೇಳುತ್ತಿದ್ದ ವಂದಿಮಾಗಧರಂತೆ ಎಂದು ತಿಳಿದರೆ ಅರ್ಧ ಮಾತ್ರ ಸರಿಯಾಗುತ್ತದೆ. ಆತ ಒಡೆಯನ ಸಂದೇಶ ಒಯ್ಯುವ ದೂತನೂ ಹೌದು, ಪಂದ್ಯಗಳಲ್ಲಿ ಯಾರ ಗುರಾಣಿ ಯಾರದೆಂದು ಗುರುತಿಸುವ ಬಲ್ಲಿದನೂ ಹೌದು. ಆತ ತೊಡುತ್ತಿದ್ದ ಮೇಲಂಗಿಯ ಮುಂದೆ, ಹಿಂದೆ, ಎರಡೂ ತೋಳುಗಳ ಮೇಲೆ ಇರುತ್ತಿದ್ದುದು ಅವನ ಒಡೆಯನ ಲಾಂಛನವೇ ಹೊರತು ಅವನ ಸ್ವಂತದ್ದಲ್ಲ. ಅದನ್ನು ತೊಟ್ಟವನು ಒಡೆಯನ ಮಾತನ್ನೇ ಆಡುತ್ತಿದ್ದಾನೆ, ಆದ್ದರಿಂದ ಅವನ ಮೈಮುಟ್ಟಬಾರದು ಎಂಬುದು ಎಲ್ಲರೂ ಒಪ್ಪಿದ ಕಟ್ಟಳೆಯಾಗಿತ್ತು.

ಇದಕ್ಕೆ ಕಾಸ್ಪಾರ್ ಸ್ಟೂರ್ಮ್‌ನಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯದ ಐದನೆಯ ಚಾರ್ಲ್ಸ್ 1520ರಲ್ಲಿ ಆಖೆನ್‌ನಲ್ಲಿ ಪಟ್ಟಕ್ಕೇರಿದಾಗ ಅವನನ್ನು ಹೆರಾಲ್ಡ್ ಆಗಿ ನೇಮಿಸಿ ‘ಟಾಯ್ಚ್‌ಲಾಂಡ್’ ಎಂಬ ಅಧಿಕಾರನಾಮವನ್ನು ಕೊಟ್ಟ. ಮರುವರ್ಷ ವೋರ್ಮ್ಸ್ ಊರಿನಲ್ಲಿ ಸೇರಿದ ಸಾಮ್ರಾಜ್ಯದ ಸಭೆಗೆ ಧರ್ಮಸುಧಾರಕ ಮಾರ್ಟಿನ್ ಲೂಥರ್‌ರನ್ನು ಕರೆತರಲು ಹೋದವನು ಇವನೇ. 1521ರ ಏಪ್ರಿಲ್ 16ರಂದು ಲೂಥರ್‌ರ ಬಂಡಿ ಊರು ಹೊಕ್ಕಾಗ, ಸಾಮ್ರಾಜ್ಯದ ಹದ್ದನ್ನು ಧರಿಸಿದ್ದ ಸ್ಟೂರ್ಮ್ ಅದರ ಮುಂದೆ ಕುದುರೆಯ ಮೇಲೆ ಸಾಗಿದ. ಚರ್ಚ್‌ನಿಂದ ಬಹಿಷ್ಕೃತನಾದವನೊಬ್ಬನ ಜೀವಕ್ಕೆ ಆ ಹದ್ದು ಕಾವಲಾಗಿತ್ತೆಂದು ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆಖೆನ್‌ನಲ್ಲಿ ಡ್ಯೂರರ್ ಬೆಳ್ಳಿಕಡ್ಡಿಯಿಂದ ಬರೆದ ಸ್ಟೂರ್ಮ್‌ನ ಭಾವಚಿತ್ರ ಈಗ ಫ್ರಾನ್ಸ್‌ನ ಶಾಂತಿಯಿ ಸಂಗ್ರಹದಲ್ಲಿದೆ. ನಿಮಗೆ ಮಾರಿದವರು ಡ್ಯೂರರ್ ಹೆಸರು ಎತ್ತಿದ್ದು ಅದರ ನೆನಪಿನಿಂದ ಇರಬಹುದು.

ಎರಡು ತಲೆಯ ಹದ್ದೂ ಕಾಲಕ್ಕೆ ಒಪ್ಪುತ್ತದೆ. 1433ರಲ್ಲಿ ಸಿಗಿಸ್ಮಂಡ್ ಚಕ್ರವರ್ತಿಯಾದ ಮೇಲೆ ಅದು ಚಕ್ರವರ್ತಿಯ ಗುರುತಾಗಿ ನಿಂತಿತು. ಒಂದೇ ತಲೆಯ ಹದ್ದು ಇನ್ನೂ ಚಕ್ರವರ್ತಿಯಾಗದ ರಾಜನಿಗೆ ಉಳಿಯಿತು. ಒಂದು ವಿಷಯವನ್ನು ಮಾತ್ರ ದಯವಿಟ್ಟು ನೋಡಿ ತಿಳಿಸಿ: ಅಂಗಿಯ ಅಗಲವಾದ ಉದ್ದನೆಯ ಭಾಗ ಎದೆಯ ಮೇಲಿದೆಯೇ, ತೋಳುಗಳ ಮೇಲಿದೆಯೇ?

ಉತ್ತರ: ಚೌಕಟ್ಟು

ಗೋಡೆಗೆ ಹಾಕುವುದಾದರೆ ಹಾಳೆಯ ಅಂಚನ್ನು ಕತ್ತರಿಸಬೇಡಿ, ಹಿಂದೆ ಆಮ್ಲರಹಿತ ರಟ್ಟನ್ನೇ ಇಡಿಸಿ, ಬಿಸಿಲು ಬೀಳುವ ಗೋಡೆಯನ್ನು ಬಿಡಿ. ಅದರ ಪಕ್ಕಕ್ಕೆ ಇನ್ನೊಂದು ಚಿತ್ರ ಬೇಕೆನಿಸಿದರೆ, ನಿಮ್ಮ ನೆರೆಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯವು ಕೋಡೆಕ್ಸ್ ಮನೆಸ್ಸೆ ಎಂಬ ಮಧ್ಯಯುಗದ ಸಚಿತ್ರ ಹಸ್ತಪ್ರತಿಯ 137 ಪುಟಚಿತ್ರಗಳನ್ನೂ ಜಾಲತಾಣದಲ್ಲಿ ತೆರೆದಿಟ್ಟಿದೆ. ಎ3 ಅಳತೆಗೆ 300 ಡಿಪಿಐನಲ್ಲಿ ಅಚ್ಚು ಹಾಕಿಸಲು ಸುಮಾರು 3508 × 4961 ಪಿಕ್ಸೆಲ್‌ನ ಕಡತ ಬೇಕಾಗುತ್ತದೆ.

ನೆಕ್ಕರ್ ತೀರದವ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಭೂತಗನ್ನಡಿಯಲ್ಲಿ ಕಂಡದ್ದು ಅಡ್ಡಾದಿಡ್ಡಿ ಚುಕ್ಕೆಗಳೇ. ಕೆನ್ನೆಯ ಗುಲಾಬಿ ಬಣ್ಣ ಗಡ್ಡದೊಳಕ್ಕೆ ಕೂದಲೆಳೆಯಷ್ಟು ಸರಿದಿದೆ. ಲಾಂಛನಪ್ರಿಯೆ ಅವರೇ, ಎದೆಯ ಮೇಲಿನ ತುಂಡು ಗಿಡ್ಡವಾಗಿದೆ, ಸೊಂಟದವರೆಗೂ ಬರುವುದಿಲ್ಲ. ತೋಳುಗಳ ಮೇಲಿನದು ಮೊಣಕಾಲಿನವರೆಗೆ ಇಳಿಬಿದ್ದಿದೆ.

ಲಾಂಛನಪ್ರಿಯೆ

ಹಾಗಾದರೆ ಅವನು ಹೆರಾಲ್ಡ್ ಅಲ್ಲ, ಅವನ ಕೈಕೆಳಗೆ ಕಲಿಯುತ್ತಿದ್ದ ‘ಪೆರ್ಸೆವಾಂಟ್’. ಅದೇ ಅಂಗಿಯನ್ನು ಅಡ್ಡಕ್ಕೆ ತಿರುಗಿಸಿ, ತೋಳಿನ ತುಂಡುಗಳು ಎದೆ ಮತ್ತು ಬೆನ್ನಿನ ಮೇಲೆ ಬರುವಂತೆ ತೊಡುವುದು ಆ ಕೆಳದರ್ಜೆಯ ಗುರುತು. ಹೆರಾಲ್ಡ್ ಆಗಿ ಬಡ್ತಿ ಸಿಕ್ಕಾಗ ಅಂಗಿಯನ್ನು ನೇರವಾಗಿ ತಿರುಗಿಸಿಕೊಳ್ಳುತ್ತಿದ್ದರು. ನಿಮ್ಮ ಚಿತ್ರ ಬರೆದವರಿಗೆ ಈ ಸೂಕ್ಷ್ಮ ಗೊತ್ತಿತ್ತು, ಕೆಳಗೆ ಹೆಸರು ಕೆತ್ತಿದವರಿಗೆ ಗೊತ್ತಿರಲಿಲ್ಲವೆಂದು ತೋರುತ್ತದೆ. ಚೌಕಟ್ಟಿನ ಹಿಂದೆ ಚೀಟಿ ಅಂಟಿಸುವಾಗ ದಯವಿಟ್ಟು ‘ಪೆರ್ಸೆವಾಂಟ್, 19ನೇ ಶತಮಾನದ ಕಲ್ಲಚ್ಚು’ ಎಂದೇ ಬರೆಯಿರಿ.